ಮಾದೇವಿಯ ಮದುವೆ ಫೋಟೋ

ನನಗೊಂದು ಚಾಳಿಯಿದೆ. ಕೈಗೆ ಸಿಕ್ಕಿದ ಪೆನ್ಸಿಲ್ಲನ್ನೆಲ್ಲ ಕೆತ್ತುತ್ತೇನೆ. ಶಾಲೆಯ ಮಕ್ಕಳು ಬರೆಯಲು ಸಾಕಾಗುವಷ್ಟು ಕೆತ್ತುತ್ತಾರಲ್ಲ, ಹಾಗಲ್ಲ. ಸೀಸ ಒಂದಂಗುಲದಷ್ಟು ಹೊರಗೆ ಬರಬೇಕು. ಅದನ್ನು ಮರಳುಕಾಗದದ ಮೇಲೆ ತಿರುಗಿಸುತ್ತ ತೀಡಬೇಕು. ಮೊನೆ ಇದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವ ಹಾಗಾಗಬೇಕು. ಅಲ್ಲಿಯವರೆಗೆ ನನಗೆ ಸಮಾಧಾನವಿಲ್ಲ. ಅಲ್ಲಿಂದ ಮುಂದೆ ಮನೆಯವರಿಗೆ ಸಮಾಧಾನವಿಲ್ಲ. ಮೊಮ್ಮಗಳು ಅಂಥದೊಂದು ಪೆನ್ಸಿಲ್ಲನ್ನು ಶಾಲೆಗೆ ಒಯ್ದು, ತನ್ನ ಹೆಸರಿನ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಮೊನೆ ಮುರಿದುಕೊಂಡು, ಅಳುತ್ತ ಮನೆಗೆ ಬಂದಳು. ನನ್ನ ಹೆಂಡತಿ ಈಗ ಪೆನ್ಸಿಲ್‌ಗಳನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾಳೆ. "ಈ ಮನೇಲಿ ಒಂದ್ ಪೆನ್ಸಿಲ್ ಆದ್ರೂ ಪೂರ್ತಿ ಆಯುಷ್ಯ ಕಾಣ್ಲಿ" ಎಂಬುದು ಅವಳ ಪ್ರಾರ್ಥನೆ.

ಇದು ನನ್ನ ಕಸುಬು ನನಗೆ ಬಿಟ್ಟುಹೋದ ಆಸ್ತಿ. ನಾನು ಹೊನ್ನಾವರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು. ಶರಾವತಿಗೆ ಸೇತುವೆ ಇಲ್ಲದ ಕಾಲ. ಭಟ್ಕಳದ ಕಡೆಯಿಂದ ಬಂದವರು ಕಾಸರಕೋಡಿನಲ್ಲಿ ಬಸ್ಸಿಳಿದು ಲಾಂಚು ಹತ್ತಿ ಈಚೆ ದಡಕ್ಕೆ ಬರಬೇಕಿತ್ತು. ಹಾಗೆ ಬರುವಷ್ಟರಲ್ಲಿ ಅವರ ಕೂದಲು ಗಾಳಿಗೆ ಕೆದರಿ, ಪೌಡರು ಬೆವರಿಗೆ ಇಳಿದು, ಫೋಟೋ ತೆಗೆಸಿಕೊಳ್ಳುವ ಉತ್ಸಾಹ ಅರ್ಧವಾಗಿರುತ್ತಿತ್ತು. ಉಳಿದರ್ಧವನ್ನು ನನ್ನ ಕುತ್ತಿಗೆಪಟ್ಟಿ, ಅಂದರೆ ಕುರ್ಚಿಯ ಹಿಂದಿನಿಂದ ತಲೆ ಅಲ್ಲಾಡದಂತೆ ಹಿಡಿಯುವ ಕಬ್ಬಿಣದ ಕೊಕ್ಕೆ, ಕಸಿದುಕೊಳ್ಳುತ್ತಿತ್ತು. ಅಂಥ ಮುಖಗಳನ್ನು ನೋಡುವಂತೆ ಮಾಡುತ್ತಿದ್ದುದು ಕ್ಯಾಮೆರಾ ಅಲ್ಲ, ಪೆನ್ಸಿಲ್ಲು.

ಹೇಗೆಂದರೆ, ಆಗಿನ ನೆಗೆಟಿವ್ ಅಂದರೆ ಗಾಜಿನ ಪ್ಲೇಟು. ಅದರಲ್ಲಿ ಎಲ್ಲವೂ ತಿರುವುಮುರುವು. ಮುಖದ ಮೇಲಿನ ಕಪ್ಪು ಮಚ್ಚೆ ಅಲ್ಲಿ ಬೆಳಕು ತೂರುವ ಚುಕ್ಕೆಯಾಗಿ ಕಾಣುತ್ತದೆ. ಪ್ಲೇಟಿಗೆ ಒಂದು ಬಗೆಯ ತೆಳು ವಾರ್ನಿಶ್ ಸವರಿ, ಸೂಜಿಯಂಥ ಪೆನ್ಸಿಲ್ಲಿನಿಂದ ಆ ಚುಕ್ಕೆಯನ್ನು ತುಂಬಿಬಿಟ್ಟರೆ, ಕಾಗದದ ಮೇಲೆ ಮಚ್ಚೆ ಮಾಯ. ನಾವು ಇದನ್ನು ಟಚಿಂಗ್ ಎನ್ನುತ್ತಿದ್ದೆವು. ನನಗೆ ಇದನ್ನು ಕಲಿಸಿದವರು ಕುಮಟೆಯ ಒಬ್ಬ ಮಾಸ್ತರರು. ಶಾಲೆಯ ಮಾಸ್ತರರಲ್ಲ, ಸ್ಟುಡಿಯೋದ ಮಾಸ್ತರರು. ಕಿಟಕಿಯ ಬಳಿ ಕನ್ನಡಿ ಇಟ್ಟು, ಅದರ ಬೆಳಕಿಗೆ ಪ್ಲೇಟು ಒಡ್ಡಿ, ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದರು. ನಾನು ಒಮ್ಮೆ, "ಇದ್ದ ಹಾಗೇ ಬಿಟ್ಟರೆ ಆಗುವುದಿಲ್ಲವೇ?" ಎಂದು ಕೇಳಿದ್ದೆ. ಅವರು ತಲೆ ಎತ್ತದೆ, "ಇದ್ದ ಹಾಂಗೆ ತೋರ್ಸುಕೆ ಎಲ್ಲರ ಮನೇಲೂ ಕನ್ನಡಿ ಅದೆ. ಅದಕ್ಕೆ ನಮ್ಮ ಹತ್ರ ಎಂತಕ್ಕೆ ಬರ್ಬೇಕು?" ಎಂದರು. ನಾನು ಆ ಮಾತನ್ನು ತಲೆಯಲ್ಲಿ ಕೆತ್ತಿಕೊಂಡೆ. ಬೇರೆ ಏನನ್ನೂ ಅಷ್ಟು ಶ್ರದ್ಧೆಯಿಂದ ಕಲಿತ ನೆನಪಿಲ್ಲ.

ಹೊನ್ನಾವರದ ಕಚೇರಿಯೊಂದರ ಗುಮಾಸ್ತರ ಮುಖದ ಸುಕ್ಕುಗಳನ್ನು ನಾನು ಎಷ್ಟು ತೆಗೆದೆನೆಂದರೆ, ಅವರ ತಾಯಿ ಫೋಟೋ ನೋಡಿ, "ನಿನ್ನ ತಮ್ಮ ಯಾವಾಗ ಫೋಟೋ ತೆಗೆಸ್ದ?" ಎಂದು ಕೇಳಿದರಂತೆ. ಗುಮಾಸ್ತರು ಸಂತೋಷದಿಂದ ಇನ್ನೂ ಆರು ಪ್ರತಿ ಮಾಡಿಸಿಕೊಂಡು ಹೋದರು. ಎಲ್ಲರೂ ಹಾಗಿರಲಿಲ್ಲ. ಮಂಕಿಯಿಂದ ಒಬ್ಬ ಅಜ್ಜಿ ಲಾಂಚು ದಾಟಿ ವಾಪಸ್ಸು ಬಂದು ಬಾಗಿಲಲ್ಲೇ ನಿಂತು, "ನನ್ ನರೂಲಿ ಎಲ್ಲಿ?" ಎಂದರು. ಮೂಗಿನ ಪಕ್ಕದ ಆ ನರೂಲಿ ಹುಟ್ಟಿದ ಮೇಲೆಯೇ ಅವರ ಮನೆಗೆ ಲಕ್ಷ್ಮಿ ಬಂದದ್ದಂತೆ. ನಾನು ಫೋಟೋವನ್ನು ಮೇಜಿನ ಮೇಲಿಟ್ಟು, ಕಾಗದದ ಮೇಲೆಯೇ ಪೆನ್ಸಿಲ್ಲಿನಿಂದ ಒಂದು ನರೂಲಿ ಹಾಕಿಕೊಟ್ಟೆ. ಅಜ್ಜಿ ಅದನ್ನು ದೂರ ಹಿಡಿದು ನೋಡಿ, ಸ್ವಲ್ಪ ಮೇಲಾತು, ಅಡ್ಡಿಲ್ಲ ಎಂದು ಹೊರಟುಹೋದರು.

ಟಚಿಂಗ್‌ನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಸಿಡುಬಿನ ಕಲೆ. ಒಂದೆರಡು ಮಚ್ಚೆಯ ಮಾತಲ್ಲ; ಕೆನ್ನೆ, ಹಣೆ, ಗಲ್ಲವೆಲ್ಲ ಸಣ್ಣ ಸಣ್ಣ ಗುಳಿಗಳು. ಆ ಕಾಲದಲ್ಲಿ ನಮ್ಮ ಕಡೆ ಅಂಥ ಮುಖಗಳು ಪ್ರತಿ ಕೇರಿಯಲ್ಲೂ ಇದ್ದವು. ನನ್ನ ಆಯಿಯದೂ ಅಂಥ ಮುಖವೇ. ಅದೊಂದು ಕೊರತೆ ಎಂದು ಬಹಳ ದಿನ ನನಗೆ ಗೊತ್ತೇ ಇರಲಿಲ್ಲ. ತಾಯಂದಿರ ಕೆನ್ನೆ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅವಳ ಪಕ್ಕ ಮಲಗಿ ಎಡಗೆನ್ನೆಯ ಗುಳಿಗಳನ್ನು ಬೆರಳಿಟ್ಟು ಎಣಿಸುವುದು ನನ್ನ ಆಟ. ಕಿವಿಯ ಬುಡದಲ್ಲಿ ಶುರು. ಒಂದು, ಎರಡು, ಮೂರನೆಯದು ಸ್ವಲ್ಪ ದೊಡ್ಡದು, ಬೆರಳ ತುದಿ ಅಲ್ಲಿ ಕೂರುತ್ತಿತ್ತು. ಅವಳ ಕೈಯಲ್ಲಿ ಬಾಳೆಲೆಯ ಹಸಿ ವಾಸನೆ ಇರುತ್ತಿತ್ತು. ಹನ್ನೊಂದರ ಆಚೆ ಹೋದ ನೆನಪಿಲ್ಲ. ಅಷ್ಟರಲ್ಲಿ ನಿದ್ದೆ ಬಂದುಬಿಡುತ್ತಿತ್ತು.

ಸ್ಟುಡಿಯೋ ಇಟ್ಟ ಮೇಲೆ ನಾನು ತೆಗೆದ ಮೊದಲ ಫೋಟೋ ಆಯಿಯದು. ಮೂರು ದಿನ ಕೂತು ಟಚಿಂಗ್ ಮಾಡಿದೆ. ಕೆನ್ನೆ ಹೊಸ ಪಿಂಗಾಣಿ ಬಟ್ಟಲಿನಷ್ಟು ನುಣ್ಣಗಾಯಿತು. ಅವಳು ಅದನ್ನು ನೋಡಿ, "ಚಂದ ಅದೆ" ಎಂದು ಸೆರಗಿನಿಂದ ಒರೆಸಿ ಪೆಟ್ಟಿಗೆಯೊಳಗೆ ಇಟ್ಟಳು. ಮತ್ತೆಂದೂ ಹೊರಗೆ ತೆಗೆದದ್ದನ್ನು ನಾನು ನೋಡಲಿಲ್ಲ. ಹೆಚ್ಚು ಇಷ್ಟವಾಗಿರಬೇಕು, ಅದಕ್ಕೇ ಜೋಪಾನ ಮಾಡಿದ್ದಾಳೆ ಎಂದುಕೊಂಡೆ. ಈ ಬಗೆಯ ಲೆಕ್ಕಾಚಾರದಲ್ಲಿ ನಾನು ಚಿಕ್ಕಂದಿನಿಂದಲೂ ಚುರುಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಪೆನ್ಸಿಲ್ಲಿನ ಪ್ರತಾಪದಿಂದ ಒಬ್ಬ ಹೆಂಗಸು ಗಂಡನನ್ನು ಸೇರುವುದು ಹೆಚ್ಚು ಕಡಿಮೆ ತಪ್ಪಿಹೋಗಿತ್ತು.

ಅವಳ ಹೆಸರು ಮಾದೇವಿ. ಭಟ್ಕಳದ ಹತ್ತಿರ ಹೆಬಳೆಯ ಹುಡುಗಿ; ತರಕಾರಿ ಬೆಳೆಯುವ ಮನೆತನ. ಗಂಡು ಮಂಕಿಯ ತಿಮ್ಮಪ್ಪ, ಮುಂಬಯಿಯ ಗಿರಣಿಯೊಂದರಲ್ಲಿ ಫಿಟ್ಟರ್. ಮದುವೆಯ ಫೋಟೋ ಬೇಕೇ ಬೇಕೆಂದು ಹಟ ಹಿಡಿದವನು ಅವನೇ. ನಾನು ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಕರಿಬಟ್ಟೆ, ನಾಲ್ಕು ಪ್ಲೇಟು ಹೊತ್ತುಕೊಂಡು ಲಾಂಚು ದಾಟಿ, ಬಸ್ಸು ಹಿಡಿದು ಹೆಬಳೆಗೆ ಹೋದೆ. ನಾಲ್ಕೇ ಪ್ಲೇಟು. ಈಗಿನ ಹಾಗೆ ಅಕ್ಷತೆ ಬೀಳುವುದಕ್ಕೊಂದು, ನಗುವುದಕ್ಕೊಂದು, ಜಿಲೇಬಿ ತಿನ್ನುವುದಕ್ಕೊಂದು ಎಂದು ತೆಗೆಯುವ ಕಾಲವಲ್ಲ.

ಆಗ ನಮ್ಮ ಕಡೆ ಮದುಮಗಳ ಫೋಟೋ ಎಂದರೆ ಮದುಮಗಳ ಬೈತಲೆಯ ಫೋಟೋ. ಹೆಣ್ಣು ತಲೆ ತಗ್ಗಿಸಿರಬೇಕು. ಹಣೆಗೆ ಬಾಸಿಂಗ, ತಲೆಗೆ ಹೂವಿನ ದಂಡೆ, ಅದರಡಿ ಮುಖವೊಂದು ಇರಬಹುದು ಎಂಬ ನಂಬಿಕೆಯ ಮೇಲೆ ನಾವು ಫೋಟೋ ತೆಗೆಯುತ್ತಿದ್ದೆವು. ಅಪ್ಪಿತಪ್ಪಿ ಯಾವಳಾದರೂ ಕ್ಯಾಮೆರಾ ನೋಡಿದರೆ ಹಿಂದಿನಿಂದ ಯಾರೋ ಒಬ್ಬ ಚಿಕ್ಕಮ್ಮ ತಲೆಯನ್ನು ಮೆಲ್ಲನೆ ಕೆಳಗೆ ಒತ್ತುವರು. ನಾನೂ "ಸ್ವಲ್ಪ ತಗ್ಗಿಸು ತಂಗಿ, ಹಾಂ, ಇನ್ನೂ ಸ್ವಲ್ಪ" ಎನ್ನುತ್ತಿದ್ದವನೇ. ಅದೇ ಮರ್ಯಾದೆ, ಅದೇ ಒಳ್ಳೆಯ ಫೋಟೋ. ಮಾದೇವಿಯ ಮೂರು ಪ್ಲೇಟುಗಳು ಹೀಗೆ ಬೈತಲೆಗೆ ಅರ್ಪಿತವಾದವು.

ನಾಲ್ಕನೆಯದಕ್ಕೆ ನಾನು ಕರಿಬಟ್ಟೆಯೊಳಗೆ ತಲೆ ತೂರಿಸುವಾಗ ತಿಮ್ಮಪ್ಪ ಬಾಯಿ ಬಿಟ್ಟ. "ಒಂದ್ರಲ್ಲಾದ್ರೂ ಮುಖ ಕಾಣ್ಲಿ ಮಾರಾಯ್ರೆ. ನಾಳೆ ಮುಂಬೈಲಿ ನಾನು ಯಾರ ಮುಖ ನೋಡುದು?" ಮದುಮಗ ಹಾಗೆಲ್ಲ ಮಾತಾಡುವುದುಂಟೇ! ಮಾದೇವಿಯ ಅಣ್ಣ ಸುಬ್ರಾಯ ಗಂಟಲು ಸರಿಮಾಡಿಕೊಂಡ. ಯಾರೂ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಷ್ಟರಲ್ಲಿ ಮಾದೇವಿಯೇ ತಲೆ ಎತ್ತಿ ಕ್ಯಾಮೆರಾದ ಕಣ್ಣನ್ನು ನೇರ ನೋಡಿದಳು. ಆಗ ನನಗೆ ಕಂಡದ್ದು ಮುಖದ ತುಂಬ ಸಿಡುಬಿನ ಕಲೆ. ನಾನು ಒಳಗೊಳಗೇ ಲೆಕ್ಕ ಹಾಕಿದೆ: ಮೂರು ದಿನದ ಕೆಲಸ.

ಮೂರಲ್ಲ, ನಾಲ್ಕು ದಿನ ಹಿಡಿಯಿತು. ನನ್ನ ಬದುಕಿನ ಅತ್ಯುತ್ತಮ ಟಚಿಂಗ್ ಅದು. ಹೆಮ್ಮೆ ತಡೆಯಲಾರದೆ ನಾನೇ ಹೆಬಳೆಗೆ ಹೋಗಿ ಫೋಟೋ ಕೊಟ್ಟೆ. ಮನೆಮಂದಿಯೆಲ್ಲ ಸುತ್ತ ನೆರೆದರು. ಸಿನಿಮಾದವಳ ಹಾಂಗೆ ಕಾಣ್ತಾಳೆ ಎಂದರು. ತಿಮ್ಮಪ್ಪ ಅಷ್ಟರಲ್ಲೇ ಮುಂಬಯಿಗೆ ಹೋಗಿಯಾಗಿತ್ತು. ಅವನ ಪ್ರತಿಯನ್ನು ಅಂಚೆಗೆ ಹಾಕುವುದೆಂದಾಯಿತು. ಮಾದೇವಿ ಫೋಟೋವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು:

"ಕೈ ಮಾತ್ರ ನಂದೇ ಅಲ್ದಾ ಅಣ್ಣ?"

ನಾನು ನಕ್ಕೆ. ಅವಳೂ ನಕ್ಕಳು. ಒಳ್ಳೆಯ ಹುಡುಗಿ, ತಮಾಷೆಯವಳು ಎಂದುಕೊಂಡು ಕೊಟ್ಟ ಪಾನಕ ಕುಡಿದು ಬಸ್ಸು ಹತ್ತಿದೆ.

ತಿಮ್ಮಪ್ಪ ವರ್ಷವೊಂದು ಕಳೆಯುವಷ್ಟರಲ್ಲಿ ವಿಲಾಯತಿಗೆ ಹೋದ. ಅಲ್ಲಿ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಕೆಲಸ. ಮಾದೇವಿ ಕೆಲವು ತಿಂಗಳು ಮಂಕಿಯಲ್ಲಿ, ಕೆಲವು ತಿಂಗಳು ಹೆಬಳೆಯಲ್ಲಿ ಎಂದು ಕಾಲ ಹಾಕಿದಳು. ಹಾಗೆ ಐದು ವರ್ಷ. ಹೆಂಡತಿಯನ್ನು ಕರೆಸಿಕೊಳ್ಳಲು ಅವನಿಗೆ ಒಂದು ಬಾಡಿಗೆ ಕೋಣೆ, ಅವಳಿಗೆ ಒಂದು ಪಾಸ್‌ಪೋರ್ಟು, ಇಬ್ಬರಿಗೂ ಹೇಳಲಾಗದಷ್ಟು ತಾಳ್ಮೆ ಬೇಕಾಯಿತು. ಎಲ್ಲ ಕೂಡಿ ಬಂದ ಮೇಲೆ ಮುಂಬಯಿಯಲ್ಲಿದ್ದ ಆ ದೇಶದ ಕಚೇರಿಗೆ ಅರ್ಜಿ ಹೋಯಿತು. ಗಂಡಹೆಂಡತಿ ಎನ್ನುವುದಕ್ಕೆ ಪುರಾವೆ ಲಗತ್ತಿಸಬೇಕು ಎಂದಿತ್ತಂತೆ. ನಮ್ಮ ಮದುವೆಗಳಿಗೆ ಚಪ್ಪರವೇ ಪುರಾವೆ, ಊಟ ಮಾಡಿದವರೇ ಸಾಕ್ಷಿ. ಆ ಊಟ ಮಾಡಿದವರನ್ನೆಲ್ಲ ಮುಂಬಯಿಗೆ ಕಳಿಸುವ ಹಾಗಿಲ್ಲವಲ್ಲ. ಆದ್ದರಿಂದ ಕರೆಯೋಲೆ ಮತ್ತು ನನ್ನ ನಾಲ್ಕು ಫೋಟೋ ಹೋದವು.

ಮಳೆಗಾಲ ಮುಗಿದ ಹೊಸತು. ಬೆಳಗಿನ ಲಾಂಚಿನಲ್ಲಿ ಸುಬ್ರಾಯ ಮತ್ತು ಮಾದೇವಿ ನನ್ನ ಸ್ಟುಡಿಯೋಕ್ಕೆ ಬಂದರು. ಸುಬ್ರಾಯನ ಕೈಯಲ್ಲಿ ಇಂಗ್ಲಿಷಿನ ಒಂದು ಕಾಗದ. ಅದನ್ನು ಭಟ್ಕಳದಲ್ಲಿ ಒಬ್ಬರಿಂದ ಓದಿಸಿಯಾಗಿತ್ತು. ಅವರು ಓದಿದ್ದು ಸರಿಯಿರಲಿಕ್ಕಿಲ್ಲ ಎಂಬ ಆಸೆಯಿಂದ ನನ್ನಲ್ಲಿಗೆ ತಂದಿದ್ದರು. ನಾನು ಓದಿದೆ. ಕೆಟ್ಟ ಸುದ್ದಿಯನ್ನೂ ವಿಲಾಯತಿಯವರು ಎಷ್ಟು ಮರ್ಯಾದೆಯಿಂದ ಬರೆಯುತ್ತಾರೆ! ಸಾರ ಇಷ್ಟೇ: ಪಾಸ್‌ಪೋರ್ಟಿನಲ್ಲಿ ಗುರುತಿನ ಚಿಹ್ನೆ, ಮುಖದ ಮೇಲೆ ಸಿಡುಬಿನ ಕಲೆಗಳು ಎಂದಿದೆ. ಅದರ ಫೋಟೋದಲ್ಲೂ ಕಲೆಗಳಿವೆ. ಮದುವೆಯ ಮೂರು ಫೋಟೋಗಳಲ್ಲಿ ಮದುಮಗಳ ಮುಖ ಕಾಣುವುದಿಲ್ಲ. ನಾಲ್ಕನೆಯದರಲ್ಲಿ ಕಾಣುವ ಹೆಂಗಸಿಗೆ ಕಲೆಗಳಿಲ್ಲ. ಆದ್ದರಿಂದ ಅರ್ಜಿದಾರಳೇ ಆ ಮದುಮಗಳು ಎಂದು ಒಪ್ಪಲಾಗುವುದಿಲ್ಲ. ಬೇರೆ ಪುರಾವೆ ಇದ್ದರೆ ಇಂಥ ದಿನದೊಳಗೆ ಖುದ್ದಾಗಿ ಹಾಜರುಪಡಿಸತಕ್ಕದ್ದು. ಆ ದಿನಕ್ಕೆ ಹದಿನೈದು ದಿನ ಉಳಿದಿತ್ತು.

ಪಾಸ್‌ಪೋರ್ಟಿನ ಫೋಟೋ ತೆಗೆದವನು ಭಟ್ಕಳದ ಇನ್ನೊಬ್ಬ. ಟಚಿಂಗ್ ಗೊತ್ತಿಲ್ಲದ ಸೋಮಾರಿ. ಅವನ ಬಗ್ಗೆ ಯಾರಾದರೂ ಕೇಳಿದರೆ ನಾನು, "ಅವನಾ? ಮುಖ ಇದ್ದ ಹಾಗೇ ಕೊಡುವವನು" ಎಂದು ತುಟಿ ಓರೆ ಮಾಡುತ್ತಿದ್ದೆ. ಈಗ ಆ ಸೋಮಾರಿಯ ಫೋಟೋ ಸರಕಾರಿ ಸತ್ಯವಾಗಿ, ನನ್ನ ನಾಲ್ಕು ದಿನದ ತಪಸ್ಸು ಸುಳ್ಳುಸಾಕ್ಷಿಯಾಗಿ ಕೂತಿತ್ತು.

"ಗಂಡ ಬೇರೆ ಯಾರನ್ನೋ ಕಟ್ಕೊಂಡಿದ್ದ, ಇವ್ಳನ್ನ ಹೆಸ್ರು ಬದ್ಲು ಮಾಡಿ ಕಳಿಸ್ತಿದ್ರು ಅಂತ ಊರಲ್ಲಿ ಮಾತು ಶುರು ಆತು" ಎಂದ ಸುಬ್ರಾಯ. "ಮಂಕಿಯವ್ರೂ ಈಗ ಒಂಥರಾ ನೋಡ್ತಾರೆ. ಈ ಸಲ ಆಗ್ಲಿಲ್ಲ ಅಂದ್ರೆ ಇನ್ನು ಬಿಡುದಿಲ್ವಂತೆ, ಕಾಯ್ದೆ ಬಿಗಿ ಆಗ್ತದಂತೆ. ತಿಮ್ಮಪ್ಪ ಬರೆದಿದ್ದಾನೆ."

ನನ್ನ ತಲೆಗೆ ಹೊಳೆದ ಉಪಾಯವನ್ನು ಇಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. "ಅದಕ್ಕೇನು, ಪಾಸ್‌ಪೋರ್ಟಿಗೆ ನಾನೇ ಹೊಸ ಫೋಟೋ ತೆಗೆದುಕೊಡುತ್ತೇನೆ. ಅದಕ್ಕೂ ಟಚಿಂಗ್ ಮಾಡಿಬಿಟ್ಟರೆ ಎರಡೂ ಒಂದೇ ಆಗುತ್ತವೆ" ಎಂದೆ. ಸುಬ್ರಾಯನ ಮುಖ ಅರಳಿತು. "ಹೌದಲ್ದಾ!" ಎಂದ. ಇಬ್ಬರು ಗಂಡಸರು ಸೇರಿ ಒಂದು ಸಂಕಟವನ್ನು ಇಷ್ಟು ಸಲೀಸಾಗಿ ಪರಿಹರಿಸಿದ್ದು ಅಪರೂಪ.

ಬೆಂಚಿನ ಮೇಲೆ ಕೂತಿದ್ದ ಮಾದೇವಿ ಹೇಳಿದಳು: "ಅಣ್ಣ, ನಾನು ಅವ್ರ ಎದ್ರಿಗೆ ಹೋಗಿ ನಿಲ್ಬೇಕಲ್ಲ. ಅಲ್ಲಿಗೂ ನೀವು ಪೆನ್ಸಿಲ್ ಹಿಡ್ಕೊಂಡು ಬತ್ರಾ?"

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

"ಅದು ಹಚ್ಚಿದ್ದಲ್ದಾ?" ಎಂದಳು ಮತ್ತೆ. "ಹಚ್ಚಿದ್ದು ತೊಳದ್ರೆ ಹೋಗುದಿಲ್ವಾ?"

ಹೋಗುತ್ತದೆ. ಟರ್ಪಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ವಾರ್ನಿಶ್ಶೂ ಹೋಗುತ್ತದೆ, ಅದರ ಮೇಲಿನ ಪೆನ್ಸಿಲ್ಲೂ ಹೋಗುತ್ತದೆ. ಇಪ್ಪತ್ತು ವರ್ಷದ ಕಸುಬುದಾರನಿಗೆ ಇದು ಹೊಳೆಯಲಿಲ್ಲ, ಬಟ್ಟೆ ಒಗೆದು ಗೊತ್ತಿದ್ದವಳಿಗೆ ಹೊಳೆಯಿತು. ಹೊಳೆಯದಿರಲು ಕಾರಣವೂ ಇತ್ತು. ಮಾಡಿದ ಟಚಿಂಗನ್ನು ತೆಗೆಯಿರಿ ಎಂದು ನನ್ನನ್ನು ಯಾರೂ ಕೇಳಿದ್ದೇ ಇಲ್ಲ.

ಆದರೆ ಒರೆಸಲು ಪ್ಲೇಟು ಇರಬೇಕಲ್ಲ. ನಮ್ಮಲ್ಲಿ ಇನ್ನೊಂದು ಪದ್ಧತಿಯಿತ್ತು. ಫೋಟೋಕ್ಕೆ ಚೌಕಟ್ಟು ಹಾಕಲು ಗಾಜು ಬೇಕು. ಗಾಜು ತುಟ್ಟಿ, ಕುಮಟೆಯಿಂದ ತರುವಾಗ ಅರ್ಧ ಒಡೆಯುತ್ತಿತ್ತು. ಹಾಗಾಗಿ ಎರಡು ಮೂರು ವರ್ಷ ಹಳೆಯ ಪ್ಲೇಟುಗಳನ್ನು ನಾವು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಹಾಕುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಮುಖಗಳೆಲ್ಲ ತೆಳು ಸಿಪ್ಪೆಯಾಗಿ ಏಳುತ್ತಿದ್ದವು. ಉಜ್ಜಿ ತೊಳೆದರೆ ಶುದ್ಧ ಗಾಜು. ಹೊನ್ನಾವರದ ಎಷ್ಟೋ ಮನೆಗಳಲ್ಲಿ ದೇವರ ಪಟದ ಮೇಲಿದ್ದ ಗಾಜು ಒಂದು ಕಾಲಕ್ಕೆ ಯಾವುದೋ ಗುಮಾಸ್ತರ ಮುಖವಾಗಿತ್ತು. ಹಿಂದಿನ ವರ್ಷ ಆಯಿ ತೀರಿಕೊಂಡಾಗ ಅವಳ ಪೆಟ್ಟಿಗೆಯಿಂದ ಆ ಫೋಟೋ ತೆಗೆದು ಚೌಕಟ್ಟು ಹಾಕಿದ್ದೆ. ಅದಕ್ಕೆ ಹೊಂದುವ ಅಳತೆಯ ಗಾಜು ಬೇಕೆಂದು ಹುಡುಕಿ, ಅಲ್ಲಿಯವರೆಗೆ ತೊಳೆಯದೆ ಇಟ್ಟಿದ್ದ ಅವಳದೇ ಪ್ಲೇಟನ್ನು ಸೋಡಾ ನೀರಿಗೆ ಹಾಕಿದ್ದೆ. ಅಳತೆ ಎಷ್ಟು ಸರಿಯಾಗಿ ಕೂತಿತು ಎಂದು ಆಗ ಖುಷಿಪಟ್ಟದ್ದೂ ನೆನಪಿದೆ.

ಮಾಳಿಗೆ ಹತ್ತಿ ಮರದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದೆ. ಸುಬ್ರಾಯ ಕೆಳಗಿನಿಂದ ಹಿಡಿದುಕೊಂಡ. ಮೂವರೂ ಪ್ಲೇಟುಗಳನ್ನು ಕಿಟಕಿಗೆ ಹಿಡಿದು ನೋಡುತ್ತ ಹೋದೆವು. ಕಪ್ಪು ಹಲ್ಲಿನ ಮದುಮಕ್ಕಳು, ಬಿಳಿ ಕೂದಲಿನ ಮಕ್ಕಳು. ಸಮುದ್ರದ ಗಾಳಿಗೆ ಬೂಷ್ಟು ಹಿಡಿದು ಕೆಲವರಿಗೆ ಅರ್ಧ ಮೈಯೇ ಇರಲಿಲ್ಲ. ಹೆಬಳೆಯ ಮದುವೆಯ ಮೂರು ಪ್ಲೇಟುಗಳು ಸಿಗಲೇ ಇಲ್ಲ. ಅವು ಗಾಜಾಗಿ ಯಾರ ಮನೆಯ ಗೋಡೆ ಸೇರಿದ್ದವೋ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಪೆಟ್ಟಿಗೆಯ ತಳದಲ್ಲಿ, ಒಡಕು ಪ್ಲೇಟುಗಳ ಕಟ್ಟಿನಲ್ಲಿ, ಮಾದೇವಿಗೇ ನಾಲ್ಕನೆಯದು ಸಿಕ್ಕಿತು. ಅದರ ಒಂದು ಮೂಲೆ ಮುಕ್ಕಾಗಿತ್ತು. ಮುಕ್ಕಾದ ಗಾಜು ಚೌಕಟ್ಟಿಗೆ ಬಾರದೆಂದು ನಾನೇ ಬದಿಗೆ ಹಾಕಿದ್ದಿರಬೇಕು.

"ಇದು ಅವ್ರ ರುಮಾಲು" ಎಂದಳು, ಕಿಟಕಿಯ ಬೆಳಕಿಗೆ ಹಿಡಿದು. ತನ್ನ ಮುಖವನ್ನು ಅವಳು ಮೊದಲು ನೋಡಲಿಲ್ಲ.

ಹತ್ತಿಯನ್ನು ಟರ್ಪಂಟೈನಿನಲ್ಲಿ ಅದ್ದಿದೆ, ಹಿಂಡಿದೆ, ಮತ್ತೆ ಅದ್ದಿದೆ; ಒರೆಸಲು ಮನಸ್ಸು ಬರಲಿಲ್ಲ. ಅವಳ ಕಷ್ಟಕ್ಕೆ ಮರುಗಿ ಎಂದು ಹೇಳಿದರೆ ನೀವು ನನ್ನನ್ನು ಒಳ್ಳೆಯವನೆಂದುಕೊಳ್ಳುತ್ತೀರಿ. ನಿಜವೆಂದರೆ ಆ ಟಚಿಂಗ್ ಹಾಳಾಗುವುದು ನನಗೆ ಬೇಕಿರಲಿಲ್ಲ. ಅಂಥದ್ದನ್ನು ಮತ್ತೆ ಮಾಡಲು ನನ್ನ ಕಣ್ಣಿಗೆ ಆಗುತ್ತಿರಲಿಲ್ಲ. ಎರಡು ಸಲ ಒರೆಸಿದೆ. ಹತ್ತಿ ಬೂದು ಬಣ್ಣಕ್ಕೆ ತಿರುಗಿತು. ನಾಲ್ಕು ದಿನದ ಕೆಲಸ ಉಗುರಿನಷ್ಟು ಕೊಳೆಯಾಗಿ ಹೊರಗೆ ಬಂತು.

ಅಚ್ಚು ಹಾಕಲು ಕತ್ತಲೆಕೋಣೆಗೆ ಹೋಗುವಾಗ ಅಣ್ಣತಂಗಿ ಇಬ್ಬರನ್ನೂ ಒಳಗೆ ಕರೆದೆ. ಹಾಗೆ ಯಾರನ್ನೂ ಕರೆಯುವ ವಾಡಿಕೆಯಿರಲಿಲ್ಲ; ಆ ದಿನ ಕರೆಯಬೇಕೆನಿಸಿತು. ಕೆಂಪು ಕಾಗದ ಸುತ್ತಿದ ದೀಪದಡಿ ತಟ್ಟೆಯ ಮದ್ದಿನ ನೀರಿನಲ್ಲಿ ಕಾಗದ ಮುಳುಗಿಸಿ ಆಡಿಸಿದೆ. ಮೊದಲು ತಿಮ್ಮಪ್ಪನ ಕೋಟು ಮೂಡಿತು, ಆಮೇಲೆ ಅವಳ ಬಾಸಿಂಗದ ಗೆರೆ, ಹುಬ್ಬು, ನೇರ ನೋಡುವ ಎರಡು ಕಣ್ಣು. ಆಮೇಲೆ ಹಣೆಯಲ್ಲಿ, ಕೆನ್ನೆಯಲ್ಲಿ, ಗಲ್ಲದಲ್ಲಿ ಒಂದೊಂದೇ ಕಲೆ. ಮಾದೇವಿ ತಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದಳು.

"ಹಾಂ" ಎಂದಳು. "ಈಗ ಬಂದೆ."

ಸುಬ್ರಾಯ ಹೊರಗೆ ಹೋದ. ನಾನು ಫೋಟೋವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದೆ.

ಇನ್ನು ಉಳಿದದ್ದು ನನ್ನ ಮರ್ಯಾದೆ. ಹೊನ್ನಾವರದ ವಕೀಲರೊಬ್ಬರ ಬಳಿ ಹೋದೆವು; ಅವರು, ಹಳೆಯ ಹೊಸ ಎರಡೂ ಫೋಟೋಗಳ ಜೊತೆ ಫೋಟೋಗ್ರಾಫರನ ಪ್ರಮಾಣಪತ್ರ ಬೇಕು ಎಂದರು. ಅವರು ಬರೆಯಿಸಿದ ಭಾಷೆ ಹೀಗಿತ್ತು: ಸದರಿ ಮದುಮಗಳ ಮುಖದ ಮೇಲೆ ಇದ್ದಂಥ ಸಿಡುಬಿನ ಕಲೆಗಳನ್ನು ನಾನು ಸ್ವಂತ ಕೈಯಿಂದ, ಯಾರ ಒತ್ತಾಯವೂ ಇಲ್ಲದೆ, ಪೆನ್ಸಿಲ್ಲಿನಿಂದ ಅಳಿಸಿರುತ್ತೇನೆ. ಓದಿ ಹೇಳಿದಾಗ ಸುತ್ತಲಿದ್ದ ಕಕ್ಷಿದಾರರೆಲ್ಲ ನನ್ನತ್ತ ತಿರುಗಿ ನೋಡಿದರು. ಕಳ್ಳತನ ಮಾಡಿ ಬಂದವರೂ ಅಲ್ಲಿದ್ದರು, ಅವರೂ ನೋಡಿದರು. "ಯಾರ ಒತ್ತಾಯವೂ ಇಲ್ಲದೆ ಎಂಬುದು ಬೇಕೇ?" ಎಂದೆ. "ಎಂತ, ಅವ್ಳು ಕೇಳಿದ್ಲಾ ನಿಮ್ಮ ಹತ್ರ, ಅಳಿಸಿ ಅಂತ?" ಎಂದರು ವಕೀಲರು ಕನ್ನಡಕದ ಮೇಲಿನಿಂದ. ಕೇಳಿರಲಿಲ್ಲ. ಸಹಿ ಹಾಕಿದೆ.

ವಿಷಯ ಸಂಜೆಯ ಮೀನುಪೇಟೆಗೆ ಮುಟ್ಟಿತು. ಹೊನ್ನಾವರದ ರೂಪವತಿಯರೆಲ್ಲ ನನ್ನ ಸೀಸದಿಂದ ಆದವರೆಂದು ಜನ ಆಡಿಕೊಂಡರು. ಕುಮಟೆಯಿಂದ ಒಬ್ಬರು ಬಂದು, ಫೋಟೋ ನೋಡಿ ಒಪ್ಪಿ ತಂದ ಸೊಸೆಯ ಹಳೆಯ ಪ್ಲೇಟು ಒರೆಸಿ ಕೊಡಿ ಎಂದು ಕೂತರು. "ಸೊಸೆ ಬಂದು ಎಷ್ಟು ಕಾಲವಾಯಿತು?" ಎಂದು ಕೇಳಿದೆ. "ಮಕ್ಕಳು ಎರಡಾದ್ವು" ಎಂದರು. "ಹಾಗಾದರೆ ಈಗ ಮನೆಯಲ್ಲೇ ನೋಡಬಹುದಲ್ಲ" ಎಂದು ಚಹಾ ಕುಡಿಸಿ ಕಳಿಸಿದೆ.

ಮಾದೇವಿ ಅಣ್ಣನ ಜೊತೆ ಮುಂಬಯಿಗೆ ಹೋಗಿಬಂದಳು. ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು, ಅವಳ ಮುಖವನ್ನೂ ನೋಡಿ, ಆ ಅಧಿಕಾರಿ ನಗುತ್ತ ಏನೋ ಹೇಳಿದರಂತೆ. ಏನೆಂದು ಸುಬ್ರಾಯನಿಗೆ ತಿಳಿಯಲಿಲ್ಲ. ಒಂದು ತಿಂಗಳಿಗೆ ಪರವಾನಗಿ ಬಂತು. ಹಡಗು ಹತ್ತುವ ಮೊದಲು ಅವಳು ನನಗೆ ಒಂದು ಬುಟ್ಟಿ ಹರಿವೆ, ಬೆಂಡೆ ಕಳಿಸಿದ್ದಳು.

ಮುಂದಿನ ಮಳೆಗಾಲದಲ್ಲಿ ತಿಮ್ಮಪ್ಪನ ಕಾಗದ ಬಂತು. ಅದನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯಲ್ಲಿ ಹರಿದಿದೆ.

"ಅಣ್ಣನವರಿಗೆ ನಮಸ್ಕಾರ. ಮಾದೇವಿ ಸುಖವಾಗಿ ಬಂದು ಮುಟ್ಟಿದಳು. ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು. ನೀವು ಕೊಟ್ಟ ಫೋಟೋ ಇಷ್ಟು ವರ್ಷ ನನ್ನ ಮಂಚದ ತಲೆಯ ಹತ್ತಿರ ಇತ್ತು. ದಿನಾ ನೋಡಿ ನೋಡಿ ನನಗೆ ಅವಳ ಮುಖವೇ ಮರೆತುಹೋಗಿತ್ತು. ಅವಳು ಹಡಗಿನಿಂದ ಇಳಿದು ಬಂದಾಗ ಒಂದು ಗಳಿಗೆ ನಾನೂ ಆ ಕಚೇರಿಯವರ ಹಾಗೆ ಇವಳೇ ಹೌದೋ ಅಲ್ಲವೋ ಎಂದು ನೋಡಿದೆ. ಅವಳಿಗೆ ಅದು ಗೊತ್ತಾಯಿತು. ಆದರೂ ತಲೆ ತಗ್ಗಿಸಲಿಲ್ಲ. ಆಮೇಲೆ ಗುರುತು ಹತ್ತಿತು. ಹಳೆಯ ಫೋಟೋ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ. ಹೊಸದರ ಒಂದು ಪ್ರತಿ ನನಗೆ ಕಳಿಸಿ."

ಕಳಿಸಿದೆ. ಅಂಚೆಗೆ ಹಾಕಿ ಬಂದು ಗೋಡೆಯ ಮೇಲಿದ್ದ ಆಯಿಯ ಫೋಟೋದ ಕೆಳಗೆ ಕೂತೆ. ಅವಳು ಅದನ್ನು ಪೆಟ್ಟಿಗೆಯೊಳಗೆ ಯಾಕೆ ಇಟ್ಟಳೆಂದು ನನಗೆ ತಿಳಿದದ್ದು ಆಗ. ಬಹಳ ದುಃಖವಾಯಿತು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಒರೆಸೋಣವೆಂದರೆ ಪ್ಲೇಟು ಎಲ್ಲಿದೆ? ಅದು ಆ ಫೋಟೋದ ಮೇಲೆಯೇ ಗಾಜಾಗಿ ಕೂತಿತ್ತು. ಟರ್ಪಂಟೈನಿನಿಂದ ಒರೆಸಿದರೂ, ಬಟ್ಟೆಯಿಂದ ಒರೆಸಿದರೂ, ಅದರಲ್ಲಿ ಕಾಣುತ್ತಿದ್ದುದು ನನ್ನ ಮುಖ.

ಆ ಮೇಲೆ ನಾನು ಟಚಿಂಗ್ ಬಿಟ್ಟೆ ಎಂದೇನೂ ಇಲ್ಲ, ಹೊಟ್ಟೆಪಾಡು. ಆದರೆ ಮೊದಲು ಕೇಳಿಯೇ ಮಾಡುತ್ತಿದ್ದೆ. ಹೆಚ್ಚಿನವರು ಅಳಿಸಿ ಎಂದೇ ಹೇಳುತ್ತಿದ್ದರು. ಅದೂ ಸರಿಯೇ.

ಮೊನ್ನೆ ಮೊಮ್ಮಗಳು ಚೌಕಟ್ಟು ನೋಡಿ, "ಅಜ್ಜ, ನಿನ್ನ ಆಯಿ ಹೀಗೇ ಇದ್ದಳಾ?" ಎಂದು ಕೇಳಿದಳು. ಅಲ್ಲ ಎಂದೆ. "ಮತ್ತೆ ಹೇಗಿದ್ದಳು?" ಎಂದಳು. ಅಕ್ಕಿ ಡಬ್ಬದಿಂದ ಒಂದು ಪೆನ್ಸಿಲ್ ತರಿಸಿದೆ. ಒಂದಂಗುಲ ಸೀಸ ಬಿಡಿಸಿ, ಮರಳುಕಾಗದಕ್ಕೆ ತೀಡಿ, ಮೊನೆ ಮಾಡಿದೆ. ಗಾಜು ಬಿಚ್ಚಿ, ಫೋಟೋ ಹೊರಗೆ ತೆಗೆದು, ಕಣ್ಣು ಮುಚ್ಚಿ ಬೆರಳಿಟ್ಟು ನೋಡಿಕೊಂಡು, ಎಡಗೆನ್ನೆಯಲ್ಲಿ ಕಿವಿಯ ಬುಡದಿಂದ ಶುರುಮಾಡಿದೆ. ಮೂರನೆಯದನ್ನು ಸ್ವಲ್ಪ ದೊಡ್ಡದು ಮಾಡಿದೆ. ಮೊಮ್ಮಗಳು ಪಕ್ಕದಲ್ಲಿ ಕೂತು ಎಣಿಸಿದಳು. ಹನ್ನೊಂದಕ್ಕೆ ನಿಲ್ಲಿಸಿದೆ.

"ಇಷ್ಟೇನಾ?" ಎಂದಳು.

ಇನ್ನೂ ಬಹಳ ಇದ್ದವು ಮಗಾ, ಎಂದೆ. ನನಗೆ ಅಷ್ಟರಲ್ಲಿ ನಿದ್ದೆ ಬಂದುಬಿಡುತ್ತಿತ್ತು.